ಅಂಗಡಿಗೆ ಕೊಡುವ ಮುನ್ನ

ಕಂಟೋನ್ಮೆಂಟ್‌ನ ನಮ್ಮ ಮಸೀದಿಯಲ್ಲಿ ಜುಮಾ ನಮಾಝ್ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೊಬ್ಬರು ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿಯುವುದು ಈಗ ರೂಢಿಯಾಗಿದೆ. ನಾನು ಫೋನ್ ರಿಪೇರಿಯವನಲ್ಲ. ಕಚೇರಿಯೊಂದರಲ್ಲಿ ಕೆಲವು ವರ್ಷ ಕಂಪ್ಯೂಟರ್ ನೋಡಿಕೊಂಡವನು, ಅಷ್ಟೇ. ಆದರೂ "ಭಾಯಿ, ಒಂದು ನಿಮಿಷ ನೋಡಿ" ಎಂದರೆ ಇಲ್ಲ ಎನ್ನಲಾಗುವುದಿಲ್ಲ.

ಕಳೆದ ತಿಂಗಳು ನಮ್ಮ ಬೀದಿಯ ಖಾಲಾ ಒಬ್ಬರು ಮೊಮ್ಮಗನ ಕೈಹಿಡಿದು ಮನೆಗೇ ಬಂದರು. ಅವರ ಯಜಮಾನರು ಲಾರಿ ಓಡಿಸುತ್ತಿದ್ದವರು, ತೀರಿಕೊಂಡು ಎರಡು ವರ್ಷವಾಯಿತು. ರಾತ್ರಿ ಯಾವ ಊರಿನಲ್ಲಿ ಲಾರಿ ನಿಂತರೂ ಮನೆಗೆ ಒಂದು ವಾಯ್ಸ್ ಮೆಸೇಜ್ ಕಳಿಸುವುದು ಅವರ ಅಭ್ಯಾಸ. ಊಟ ಆಯಿತಾ, ಮಕ್ಕಳು ಮಲಗಿದವಾ, ಗ್ಯಾಸ್ ಬಂತಾ, ಇಂಥವೇ ಮಾತು. ಖಾಲಾ ಅದನ್ನೆಲ್ಲ ಹಾಗೇ ಇಟ್ಟುಕೊಂಡಿದ್ದರು. ಫೋನ್‌ನಲ್ಲಿ 'ಸ್ಟೋರೇಜ್ ಫುಲ್' ಎಂದು ಬಂದು ವಾಟ್ಸ್‌ಆ್ಯಪ್ ನಿಂತಿತು. ಮೊಮ್ಮಗ ಒಂದು ಅಂಗಡಿಗೆ ಕೊಟ್ಟ. ಅವರು ರಿಸೆಟ್ ಮಾಡಿಕೊಟ್ಟರು. ಫೋನ್ ಹೊಸದರಂತೆ ಓಡುತ್ತಿದೆ.

"ಬೇಟಾ, ಫೋನ್ ಏನೋ ಚೆನ್ನಾಗಿದೆ. ಇವರ ಆವಾಜ್ ಎಲ್ಲಿ ಹೋಯ್ತು?" ಎಂದರು ಖಾಲಾ.

ನೋಡಿದೆ. ವಾಟ್ಸ್‌ಆ್ಯಪ್ ಬ್ಯಾಕಪ್ ಒಂದು ಸಲವೂ ಆಗಿರಲಿಲ್ಲ. ಅಂಗಡಿಯವರು ಕೇಳಲಿಲ್ಲ, ಇವರಿಗೆ ಹೇಳಬೇಕೆಂದು ತಿಳಿದಿರಲಿಲ್ಲ. ದುಃಖದ ಸಂಗತಿಯೆಂದರೆ ಆ ಫೋನ್ ಕೆಟ್ಟೇ ಇರಲಿಲ್ಲ. ಅದರಲ್ಲಿ ಜಾಗ ಇರಲಿಲ್ಲ, ಅಷ್ಟೇ. ಹತ್ತು ನಿಮಿಷದಲ್ಲಿ ಮನೆಯಲ್ಲೇ ಆಗುವ ಕೆಲಸ ಅದು. ಅದಕ್ಕಾಗಿಯೇ ಈ ತಿಂಗಳು ಇದನ್ನು ಬರೆಯುತ್ತಿದ್ದೇನೆ. ನನ್ನ ಹತ್ತಿರ ಬರುವ ಫೋನ್‌ಗಳಲ್ಲಿ ನಿಜವಾಗಿ ಕೆಟ್ಟಿರುವವು ಕಡಿಮೆ.

ಜಾಗ ಎಲ್ಲಿ ಹೋಯಿತು?

ಶುಕ್ರವಾರ ಬೆಳಿಗ್ಗೆ ಎದ್ದು ನಿಮ್ಮ ಖಾನ್‌ದಾನ್ ಗ್ರೂಪ್ ತೆರೆದು ನೋಡಿ. ಹೂವಿನ ನಡುವೆ 'ಜುಮಾ ಮುಬಾರಕ್' ಎಂದು ಬರೆದ ಚಿತ್ರ ಹದಿನೈದಾದರೂ ಬಂದಿರುತ್ತದೆ. ಕಳಿಸಿದವರ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವು ಒಂದೊಂದೂ ನಿಮ್ಮ ಫೋನ್‌ನಲ್ಲಿ ಕೂತಿರುತ್ತವೆ. ಅದರ ಮೇಲೆ ವಿಡಿಯೊಗಳು. ದಿನಕ್ಕೆ ಐದು ಎಂಬಿಯ ನಾಲ್ಕೇ ವಿಡಿಯೊ ಬಂದರೂ ವರ್ಷಕ್ಕೆ ಏಳು ಜಿಬಿ ದಾಟುತ್ತದೆ.

ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ಎಂದಿದೆ. ಅಲ್ಲಿ ಐದು ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆಗಿ ಬಂದವು ಎಂದು ಅದೇ ವಿಂಗಡಿಸಿ ಇಟ್ಟಿರುತ್ತದೆ. ಕೆಳಗೆ ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿಯೂ ಇರುತ್ತದೆ. ಫಾರ್ವರ್ಡ್ ಬಂದವನ್ನು ಮೊದಲು ಅಳಿಸಿ. ಮನೆಯವರ ಚಾಟ್ ತೆರೆದು 'ಸೆಲೆಕ್ಟ್ ಆಲ್' ಒತ್ತಬೇಡಿ, ಆ ಆವಾಜ್‌ಗಳೂ ಅದರಲ್ಲೇ ಇರುತ್ತವೆ. ಆಮೇಲೆ 'ಮೀಡಿಯಾ ಆಟೊ ಡೌನ್‌ಲೋಡ್' ಎಂಬಲ್ಲಿ ಎಲ್ಲ ಟಿಕ್ ತೆಗೆದುಬಿಡಿ. ಇನ್ನು ಮುಂದೆ ನೀವು ಒತ್ತಿದ್ದು ಮಾತ್ರ ಇಳಿಯುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ ವಾಟ್ಸ್‌ಆ್ಯಪ್ ಒತ್ತಿದರೆ ಎರಡು ಬಟನ್ ಅಕ್ಕಪಕ್ಕ ಸಿಗುತ್ತವೆ: 'ಕ್ಲಿಯರ್ ಕ್ಯಾಶ್', 'ಕ್ಲಿಯರ್ ಡೇಟಾ'. ಮೊದಲನೆಯದು ತಾತ್ಕಾಲಿಕ ಕಸ ಗುಡಿಸುತ್ತದೆ, ತೊಂದರೆಯಿಲ್ಲ. ಎರಡನೆಯದನ್ನು ಒತ್ತಿದರೆ ಆ ಫೋನ್‌ನಲ್ಲಿ ವಾಟ್ಸ್‌ಆ್ಯಪ್ ಮತ್ತೆ ಮೊದಲಿನಿಂದ ಶುರು, ಹಳೆಯ ಮಾತೆಲ್ಲ ಹೋಯಿತು. ಯೂಟ್ಯೂಬ್ ನೋಡಿ ಫೋನ್ 'ಕ್ಲೀನ್' ಮಾಡುವ ಹುಡುಗರು ಎಡವುವುದು ಇಲ್ಲೇ.

ಇನ್ನು ಗೂಗಲ್ ಫೋಟೊಸ್. ಅದರಲ್ಲಿ ಒಂದು ಚಿತ್ರ ಡಿಲೀಟ್ ಮಾಡಿದರೆ ಫೋನ್‌ನಲ್ಲೂ ಹೋಗುತ್ತದೆ, ಗೂಗಲ್ ಖಾತೆಯಲ್ಲೂ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ 'ಫ್ರೀ ಅಪ್ ಸ್ಪೇಸ್' ಎಂಬುದನ್ನು ಬಳಸಬೇಕು. ಅದು ಖಾತೆಗೆ ಸುರಕ್ಷಿತವಾಗಿ ಸೇರಿದ ಚಿತ್ರಗಳನ್ನಷ್ಟೇ ಫೋನ್‌ನಿಂದ ತೆಗೆಯುತ್ತದೆ. ತಪ್ಪಿ ಅಳಿಸಿದ್ದರೆ ಬಿನ್ ನೋಡಿ. ಬ್ಯಾಕಪ್ ಆದವು 60 ದಿನ, ಆಗದವು 30 ದಿನ ಅಲ್ಲಿರುತ್ತವೆ. ಮತ್ತೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಫೋಟೊಸ್ ಸಾಮಾನ್ಯವಾಗಿ ಕ್ಯಾಮೆರಾದಲ್ಲಿ ತೆಗೆದದ್ದನ್ನು ಮಾತ್ರ ಕಾಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ನಿಕಾಹ್‌ನ, ಅಖೀಖಾದ ಚಿತ್ರಗಳು ಸೇರಬೇಕಾದರೆ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಾಟ್ಸ್‌ಆ್ಯಪ್ ಫೋಲ್ಡರನ್ನು ನಾವೇ ಆನ್ ಮಾಡಬೇಕು. ವಾಯ್ಸ್ ಮೆಸೇಜ್‌ಗಳಂತೂ ಫೋಟೊಸ್‌ಗೆ ಹೋಗುವುದೇ ಇಲ್ಲ.

ಅಝಾನ್ ತಡವಾಗುವ ಫೋನ್

ಜುಮಾ ನಂತರ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೇ. ಫಜ್ರ್ ಅಝಾನ್ ಫೋನ್‌ನಲ್ಲಿ ಕೂಗುವುದಿಲ್ಲ, ಅಥವಾ ಫೋನ್ ಕೈಗೆತ್ತಿಕೊಂಡ ಮೇಲೆ ಕೂಗುತ್ತದೆ. ಬ್ಯಾಟರಿ ಉಳಿಸಲು ಫೋನ್ ತಾನೇ ಆ್ಯಪನ್ನು ಮಲಗಿಸಿರುತ್ತದೆ, ಅದೇ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು 'ಬ್ಯಾಟರಿ' ಎಂಬಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಇಡಿ. ರೆಡ್ಮಿ, ವಿವೊ, ಒಪ್ಪೊಗಳಲ್ಲಿ 'ಆಟೊಸ್ಟಾರ್ಟ್' ಎಂಬ ಇನ್ನೊಂದು ಬಟನ್ ಇರುತ್ತದೆ, ಅದೂ ಆನ್ ಆಗಬೇಕು. ಹೊಸ ಆಂಡ್ರಾಯ್ಡ್‌ಗಳಲ್ಲಿ 'ನೋಟಿಫಿಕೇಶನ್', 'ಅಲಾರ್ಮ್ಸ್ ಅಂಡ್ ರಿಮೈಂಡರ್ಸ್' ಎರಡಕ್ಕೂ ಬೇರೆ ಬೇರೆ ಅನುಮತಿ ಕೊಡಬೇಕು. ತಿಂಗಳುಗಟ್ಟಲೆ ಆ್ಯಪ್ ತೆರೆಯದಿದ್ದರೆ ಕೊಟ್ಟ ಅನುಮತಿಯನ್ನು ಫೋನ್ ವಾಪಸ್ ಪಡೆಯುವುದೂ ಉಂಟು. ರಂಝಾನ್‌ನಲ್ಲಿ ಸರಿಯಿದ್ದದ್ದು ಬಕ್ರೀದ್ ಕಳೆದು ಕೆಲವು ತಿಂಗಳಲ್ಲಿ ಸುಮ್ಮನಾಗುವುದು ಹೀಗೆ.

ಇನ್ನೊಬ್ಬರ ತಕರಾರು: "ಆ್ಯಪ್‌ನಲ್ಲಿ ಅಸರ್ ಆಗಿಹೋಗಿದೆ, ಮಸೀದಿಯಲ್ಲಿ ಇನ್ನೂ ಅಝಾನ್ ಇಲ್ಲ." ಫೋನ್‌ನ ಗಡಿಯಾರ ತಪ್ಪಿಲ್ಲ. ಆ್ಯಪ್‌ನಲ್ಲಿ ಅಸರ್‌ಗೆ ಎರಡು ಲೆಕ್ಕವಿರುತ್ತದೆ. ನೆರಳು ವಸ್ತುವಿನ ಒಂದು ಪಟ್ಟು ಬೆಳೆದಾಗ ಎಂಬುದು ಶಾಫಿಈ ಲೆಕ್ಕ, ಎರಡು ಪಟ್ಟು ಎಂಬುದು ಹನಫಿ ಲೆಕ್ಕ. ನಮ್ಮ ಕಡೆಯ ಮಸೀದಿಗಳು ಹೆಚ್ಚಾಗಿ ಹನಫಿ. ಎರಡರ ನಡುವೆ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆಯಷ್ಟು ಅಂತರ ಬೀಳುತ್ತದೆ. ಮಂಗಳೂರು, ಭಟ್ಕಳದ ಕಡೆಯ ಅಳಿಯ ಬಂದು ಮಾವನ ಫೋನ್‌ನಲ್ಲಿ ಆ್ಯಪ್ ಹಾಕಿಕೊಟ್ಟಿದ್ದರೆ ಅದು ಶಾಫಿಈ ಮೇಲೆ ಕೂತಿರುತ್ತದೆ, ಅಳಿಯನ ತಪ್ಪೇನೂ ಅಲ್ಲ. 'ಜ್ಯೂರಿಸ್ಟಿಕ್ ಮೆಥಡ್' ಅಥವಾ 'ಅಸರ್ ಮೆಥಡ್' ಎಂಬಲ್ಲಿ ಬದಲಾಯಿಸಿ. ಊರಿನ ಹೆಸರನ್ನೂ ಒಮ್ಮೆ ನೋಡಿ. ಇಂಟರ್‌ನೆಟ್ ಆಧಾರದ ಮೇಲೆ ಎಷ್ಟೋ ಸಲ 'ಬೆಂಗಳೂರು' ಎಂದು ಬಿದ್ದಿರುತ್ತದೆ. ಬಳ್ಳಾರಿ ಬೆಂಗಳೂರಿಗಿಂತ ಪಶ್ಚಿಮಕ್ಕಿದೆ, ಸೂರ್ಯ ನೆತ್ತಿಗೆ ಬರುವುದೇ ಇಲ್ಲಿ ಎರಡೂವರೆ ನಿಮಿಷ ತಡ. ಇಫ್ತಾರ್ ಹೊತ್ತಿಗೆ ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದಲ್ಲ. ಊರನ್ನು ಕೈಯಾರೆ 'ಬಳ್ಳಾರಿ' ಅಥವಾ 'ಸಿರುಗುಪ್ಪ' ಎಂದು ಆರಿಸಿ ಲೊಕೇಶನ್ ಅನುಮತಿಯನ್ನೇ ತೆಗೆದುಬಿಡಬಹುದು. ಇದಕ್ಕೆ ಬೇರೆ ಕಾರಣವೂ ಇದೆ. 'ಮುಸ್ಲಿಂ ಪ್ರೊ' ಎಂಬ ಹೆಸರಾಂತ ನಮಾಝ್ ಆ್ಯಪ್‌ನಿಂದ ಬಳಕೆದಾರರ ಲೊಕೇಶನ್ ಎಕ್ಸ್-ಮೋಡ್ ಎಂಬ ಮಾಹಿತಿ ವ್ಯಾಪಾರದ ಕಂಪೆನಿಗೆ, ಅಲ್ಲಿಂದ ಅಮೆರಿಕದ ಸೇನೆಯ ಗುತ್ತಿಗೆದಾರರಿಗೆ ಹೋಗುತ್ತಿದೆ ಎಂದು 2020ರ ನವೆಂಬರ್‌ನಲ್ಲಿ ವೈಸ್ ಸುದ್ದಿಸಂಸ್ಥೆ ವರದಿ ಮಾಡಿತ್ತು. ವರದಿ ಬಂದ ಮೇಲೆ ಆ ಸಂಬಂಧ ಕಡಿದುಕೊಂಡಿದ್ದೇವೆಂದು ಆ್ಯಪ್‌ನವರು ಹೇಳಿದರು.

ಕಿಬ್ಲಾ ದಿಕ್ಸೂಚಿ ದಿನಕ್ಕೊಂದು ದಿಕ್ಕು ತೋರಿಸುತ್ತದೆ ಎನ್ನುವವರು ಮೊದಲು ಫೋನ್‌ನ ಕವರ್ ಬಿಚ್ಚಿ. ಪುಸ್ತಕದಂತೆ ಮಡಚುವ ಕವರ್‌ಗಳಲ್ಲಿ ಅಯಸ್ಕಾಂತ ಇರುತ್ತದೆ. ಕಬ್ಬಿಣದ ಅಲ್ಮಾರಿ, ಬೈಕ್, ಸ್ಪೀಕರ್‌ಗಳಿಂದ ದೂರ ನಿಂತು ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ. ಕೆಲವು ಅಗ್ಗದ ಫೋನ್‌ಗಳಲ್ಲಿ ದಿಕ್ಸೂಚಿಯ ಭಾಗವೇ ಇರುವುದಿಲ್ಲ, ಅವುಗಳ ಬಾಣವನ್ನು ನಂಬಬೇಡಿ. ಬಳ್ಳಾರಿಯಿಂದ ಕಿಬ್ಲಾ ನೇರ ಪಶ್ಚಿಮದಿಂದ ಸುಮಾರು 16 ಡಿಗ್ರಿ ಉತ್ತರಕ್ಕಿದೆ. ಕೈ ನೀಡಿ ಗೇಣು ಅಗಲಿಸಿದರೆ ಕಾಣುವ ಅಗಲಕ್ಕಿಂತ ಸ್ವಲ್ಪ ಕಡಿಮೆ. ಯಾವ ಫೋನೂ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಮೇ 27 ಮತ್ತು 28ರಂದು ನಮ್ಮ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 15 ಮತ್ತು 16ರಂದು 2 ಗಂಟೆ 57 ನಿಮಿಷಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿಗೆ ಸೂರ್ಯನ ದಿಕ್ಕೇ ಕಿಬ್ಲಾ. ಜುಲೈನಲ್ಲಿ ಮೋಡ ಕಾಡಬಹುದು, ಮೇ ತಿಂಗಳ ಬಳ್ಳಾರಿಯಲ್ಲಿ ಸೂರ್ಯನಿಗೆ ಬರವಿಲ್ಲ.

ಬಿಸಿಲು, ದೂಳು, ನೀರು

ಆ ಸೂರ್ಯನೇ ಫೋನ್‌ಗೆ ಶತ್ರು. ಆಪಲ್ ಕಂಪೆನಿ ತನ್ನ ಫೋನ್ ಬಳಸಲು 0ಯಿಂದ 35 ಡಿಗ್ರಿಯವರೆಗಿನ ವಾತಾವರಣ ಸರಿ ಎನ್ನುತ್ತದೆ. ನಮ್ಮ ಬೇಸಿಗೆ 40 ದಾಟುತ್ತದೆ. ಚಾರ್ಜ್ ನಿಧಾನವಾಗುವುದು, ಪರದೆ ಮಂಕಾಗುವುದು, ಕ್ಯಾಮೆರಾ ತಾನೇ ಮುಚ್ಚಿಕೊಳ್ಳುವುದು, ಇವೆಲ್ಲ ಫೋನ್ ತನ್ನನ್ನು ಕಾಪಾಡಿಕೊಳ್ಳುವ ಉಪಾಯ. ಕವರ್ ತೆಗೆದು ನೆರಳಲ್ಲಿ, ಫ್ಯಾನ್ ಕೆಳಗೆ ಇಡಿ. ಫ್ರಿಜ್‌ನಲ್ಲಿಟ್ಟರೆ ಒಳಗೆ ನೀರು ಹನಿಗಟ್ಟುತ್ತದೆ. ದಿಂಬಿನ ಕೆಳಗೆ ಚಾರ್ಜ್ ಹಾಕಿ ಮಲಗುವುದು ಬೇಡ. ಹಿಂಬದಿ ಉಬ್ಬಿದ್ದರೆ ಮಾತ್ರ ತಡಮಾಡದೆ ಚಾರ್ಜ್ ನಿಲ್ಲಿಸಿ ಅಂಗಡಿಗೆ ಕೊಡಿ. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ.

ಚಾರ್ಜರ್ ಪಿನ್ ಸಡಿಲವಾಗಿದೆ, ಹೊಸ ಪೋರ್ಟ್ ಹಾಕಿಸಬೇಕು ಎಂದು ಬರುವವರ ಫೋನ್‌ನ ತೂತಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಗಟ್ಟಿಯಾದ ಬಟ್ಟೆಯ ನಾರು. ಜೀನ್ಸ್ ಹೊಲಿಯುವವರ ಫೋನ್‌ನಲ್ಲಂತೂ ಅದು ನೀಲಿ ಬಣ್ಣದ್ದೇ ಇರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಪಿನ್ನು, ಸೂಜಿ ಬೇಡ.

ಫೋನ್ ಕಾಲುವೆಗೋ ಬಕೆಟ್‌ಗೋ ಬಿದ್ದರೆ ಅಕ್ಕಿಯಲ್ಲಿ ಹೂತಿಡುವುದು ವಾಡಿಕೆ. ಅಕ್ಕಿಯ ಕಣಗಳು ಒಳಹೊಕ್ಕು ಹಾಳುಮಾಡಬಹುದು, ಹಾಗೆ ಮಾಡಬೇಡಿ ಎಂದು ಆಪಲ್ ಕಂಪೆನಿಯೇ ತನ್ನ ಸಲಹೆಯಲ್ಲಿ ಬರೆದಿದೆ. ಸಿರುಗುಪ್ಪದ ಅಕ್ಕಿ ಊಟಕ್ಕಿರಲಿ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ ನೀರಿಳಿಸಿ, ಗಾಳಿಯಾಡುವಲ್ಲಿ ಇಡಿ. ಪೂರ್ತಿ ಒಣಗುವವರೆಗೆ ಚಾರ್ಜ್‌ಗೆ ಹಾಕಬೇಡಿ. ಹೇರ್ ಡ್ರೈಯರ್ ಬಿಸಿಯೂ ಬೇಡ.

ಕೊಡಲೇಬೇಕಾದರೆ

ಪರದೆ ಒಡೆದರೆ, ಬ್ಯಾಟರಿ ಸತ್ತರೆ ಕೊಡಲೇಬೇಕು. ಆಗ ನಾವು ಕೊಡುತ್ತಿರುವುದು ಫೋನನ್ನಷ್ಟೇ ಅಲ್ಲ. ಮನೆಯ ಹೆಣ್ಣುಮಕ್ಕಳ ಚಿತ್ರಗಳು, ಬ್ಯಾಂಕಿನ ಮೆಸೇಜು, ಗಂಡಹೆಂಡಿರ ಮಾತು ಎಲ್ಲ ಅದರೊಳಗಿರುತ್ತದೆ. ಅದು ಅಮಾನತ್. ಪ್ರಾಮಾಣಿಕ ರಿಪೇರಿಯವರೇ ಹೆಚ್ಚು, ಅವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಆದರೂ ಬೀರುವಿನ ಬೀಗದ ಕೈಯನ್ನು ಬಡಗಿಯ ಕೈಗೆ ಕೊಟ್ಟು ಹೊರಗೆ ಹೋಗುವವರು ಯಾರಿದ್ದಾರೆ?

ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಪರದೆ, ಬ್ಯಾಟರಿ ಬದಲಿಸಲು ನಿಮ್ಮ ಲಾಕ್ ನಂಬರ್ ಅವರಿಗೆ ಬೇಕಿಲ್ಲ. ಕೆಲಸ ಮುಗಿದ ಮೇಲೆ ನೀವೇ ತೆರೆದು ತೋರಿಸಿದರೆ ಸಾಕು. ಸಾಧ್ಯವಾದರೆ ಎದುರಿಗೇ ಕೂತು ಮಾಡಿಸಿ. ಸ್ಯಾಮ್‌ಸಂಗ್‌ನ ಇತ್ತೀಚಿನ ಬಹುತೇಕ ಫೋನ್‌ಗಳಲ್ಲಿ 'ಮೇಂಟೆನೆನ್ಸ್ ಮೋಡ್' ಇದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವರಿಗೆ ಖಾಲಿ ಫೋನ್ ಕಾಣುತ್ತದೆ, ನಿಮ್ಮ ಚಿತ್ರ, ಚಾಟ್ ಕಾಣುವುದಿಲ್ಲ. "ರಿಸೆಟ್ ಮಾಡುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. 'ಡೇಟಾ ಅಳಿಸಬಾರದು' ಎಂದು ಚೀಟಿಯ ಮೇಲೆ ಬರೆಸಿ. ರಿಸೆಟ್ ಅನಿವಾರ್ಯವಾದರೆ ಗೂಗಲ್ ಖಾತೆಯ ಹೆಸರು, ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ. ಅದಿಲ್ಲದೆ ಆಂಡ್ರಾಯ್ಡ್ ಫೋನ್ ರಿಸೆಟ್ ಆದ ಮೇಲೆ ಒಳಗೆ ಬಿಡದಿರಬಹುದು. 'ಅಂಗಡಿಯವನೇ ಖಾತೆ ಮಾಡಿಕೊಟ್ಟಿದ್ದ' ಎನ್ನುವವರು ನಮ್ಮಲ್ಲಿ ತುಂಬ ಇದ್ದಾರೆ, ಅವರು ಇಂದೇ ಪಾಸ್‌ವರ್ಡ್ ಬದಲಿಸಿ ಬರೆದಿಟ್ಟುಕೊಳ್ಳಲಿ.

ಎಲ್ಲಕ್ಕಿಂತ ಮೊದಲು ನಕಲು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಚಾಟ್ಸ್', 'ಚಾಟ್ ಬ್ಯಾಕಪ್' ತೆರೆದರೆ ಕೊನೆಯ ಬ್ಯಾಕಪ್ ಎಂದು ಆಯಿತು, ಯಾವ ಗೂಗಲ್ ಖಾತೆಗೆ ಹೋಯಿತು ಎಂದು ಬರೆದಿರುತ್ತದೆ. ಮೊದಲು ಈ ಬ್ಯಾಕಪ್ ಗೂಗಲ್‌ನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಿಂದ ಅದೂ 15 ಜಿಬಿಯ ಉಚಿತ ಮಿತಿಯೊಳಗೆ ಬರುತ್ತದೆ. ಫೋಟೊ, ಮೇಲ್ ತುಂಬಿ 15 ಜಿಬಿ ಮುಗಿದರೆ ಬ್ಯಾಕಪ್ ಸದ್ದಿಲ್ಲದೆ ನಿಲ್ಲುತ್ತದೆ. ರಿಸೆಟ್ ನಂತರ ಅದೇ ನಂಬರ್, ಅದೇ ಖಾತೆಯಿಂದ ವಾಟ್ಸ್‌ಆ್ಯಪ್ ತೆರೆದಾಗ ಒಂದೇ ಸಲ 'ರಿಸ್ಟೋರ್' ಎಂದು ಕೇಳುತ್ತದೆ. ಅವಸರದಲ್ಲಿ 'ಸ್ಕಿಪ್' ಒತ್ತಿದ್ದರೆ, ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುವ ಮೊದಲೇ, ಅಂದರೆ ಆ ರಾತ್ರಿಯೊಳಗೇ, ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿ.

ತೀರಿಕೊಂಡವರ ಫೋನ್ ಮನೆಯಲ್ಲಿದ್ದರೆ ಬ್ಯಾಕಪ್ ಒಂದನ್ನೇ ನಂಬುವಂತಿಲ್ಲ. ರೀಚಾರ್ಜ್ ಇಲ್ಲದೆ 90 ದಿನ ಬಳಸದ ಸಿಮ್ ರದ್ದಾಗಬಹುದು, ಆ ನಂಬರ್ ಬೇರೆಯವರಿಗೂ ಹೋಗಬಹುದು. 120 ದಿನ ಬಳಸದ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನು ಅಳಿಸುವ ಅಧಿಕಾರ 2023ರ ಡಿಸೆಂಬರ್‌ನಿಂದ ಗೂಗಲ್‌ಗಿದೆ. ಫೋನ್ ತೆರೆಯಲು ಬರುತ್ತಿರುವಾಗಲೇ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ 'ಫೈಲ್ ಟ್ರಾನ್ಸ್‌ಫರ್' ಒತ್ತಿ. ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸ್‌ಆ್ಯಪ್, ವಾಟ್ಸ್‌ಆ್ಯಪ್, ಮೀಡಿಯಾ ಎಂದು ಒಂದರೊಳಗೊಂದು ಫೋಲ್ಡರ್ ತೆರೆಯುತ್ತ ಹೋದರೆ 'ವಾಟ್ಸ್‌ಆ್ಯಪ್ ವಾಯ್ಸ್ ನೋಟ್ಸ್' ಸಿಗುತ್ತದೆ. ಇಡೀ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ನಕಲು ಮಾಡಿ. ಕಡತದ ಹೆಸರು 'ಪಿಟಿಟಿ' ಎಂದು ಶುರುವಾಗುತ್ತದೆ, ಪಕ್ಕದಲ್ಲೇ ತಾರೀಕು ಇರುತ್ತದೆ. ಕಂಪ್ಯೂಟರ್‌ನಲ್ಲಿ ಕೇಳಲು ವಿಎಲ್‌ಸಿ ಪ್ಲೇಯರ್ ಸಾಕು. ಕಂಪ್ಯೂಟರ್ ಇಲ್ಲದವರು ಚಾಟ್‌ನಲ್ಲಿ ಆ ಮೆಸೇಜನ್ನು ಒತ್ತಿಹಿಡಿದು 'ಶೇರ್' ಮೂಲಕ ಡ್ರೈವ್‌ಗೆ ಹಾಕಬಹುದು. ಮನೆಯ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 10 ಇದ್ದರೆ, ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ಒಂದೇ ನಕಲನ್ನು ಅದರಲ್ಲಿ ಬಿಡಬೇಡಿ, ಎರಡನೆಯದು ಪೆನ್‌ಡ್ರೈವ್‌ನಲ್ಲಿರಲಿ.

ಫೋನ್ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಬೇಕಾದ 15 ಅಂಕಿಯ ಐಎಂಇಐ ನಂಬರನ್ನು ಇವತ್ತೇ *#06# ಒತ್ತಿ ಬರೆದಿಟ್ಟುಕೊಳ್ಳಿ. ಮದುವೆ ಕಾರ್ಡ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತದ ಹೆಸರು 'ಎಪಿಕೆ' ಎಂದು ಮುಗಿದರೆ ಅದು ಕಾರ್ಡ್ ಅಲ್ಲ, ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಖಾಲಾ ವಿಷಯಕ್ಕೆ ಬರುತ್ತೇನೆ. ಅವರ ಫೋನ್‌ನಿಂದ ಏನೂ ಮರಳಿ ಸಿಗಲಿಲ್ಲ. ಆದರೆ ವಾಯ್ಸ್ ಮೆಸೇಜ್ ಕೇಳಿದವರ ಫೋನ್‌ನಲ್ಲೂ ಅದರ ಒಂದು ಪ್ರತಿ ಇರುತ್ತದೆ. ಯಜಮಾನರು ಹೆಂಡತಿಗೆ ಮಾತ್ರ ಕಳಿಸುತ್ತಿರಲಿಲ್ಲವಲ್ಲ. ಸಿರುಗುಪ್ಪದಲ್ಲಿರುವ ಮಗಳ ಫೋನ್ ತರಿಸಿ ನೋಡಿದೆವು. ಹನ್ನೊಂದು ಸಿಕ್ಕವು. ಒಂದರಲ್ಲಿ ಲಾರಿಯ ಹಾರ್ನ್ ಸದ್ದಿನ ನಡುವೆ ಮೊಮ್ಮಗನ ಹೆಸರು ಹಿಡಿದು ಎರಡು ಸಲ ಕರೆದಿದ್ದಾರೆ. ಪೆನ್‌ಡ್ರೈವ್‌ಗೆ ಹಾಕಿ, ಮೇಲೆ ಹೆಸರು ಬರೆದು ಕೊಟ್ಟಿದ್ದೇನೆ. ಕುರುಗೋಡಿನಲ್ಲಿರುವ ಅವರ ತಮ್ಮನ ಹತ್ತಿರ ಪರದೆ ಒಡೆದ ಹಳೆಯ ಫೋನ್ ಒಂದಿದೆಯಂತೆ, ಆನ್ ಆಗುತ್ತದಂತೆ. ಅದನ್ನು ಯಾವ ಅಂಗಡಿಗೂ ಕೊಡಬೇಡಿ, ಬರುವ ಜುಮಾಕ್ಕೆ ಹಾಗೇ ತನ್ನಿ ಎಂದು ಹೇಳಿಕಳಿಸಿದ್ದೇನೆ.